ಸೋಮವಾರಕ್ಕೆ ಉಳಿದ ಅರ್ಧ ಕಥೆ

ನನ್ನ ಅಜ್ಜಿ ಯಾವ ಕಥೆಯನ್ನೂ ಒಂದೇ ದಿನಕ್ಕೆ ಮುಗಿಸುತ್ತಿರಲಿಲ್ಲ. ಮರೆವಿನಿಂದಲ್ಲ, ದಣಿವಿನಿಂದಲ್ಲ, ಅದು ಅವರ ಕಸುಬಿನ ರೀತಿ. ಹರಪನಹಳ್ಳಿಯಿಂದ ಅದೇ ತಾಲೂಕಿನ ಅರಸೀಕೆರೆ ಕಡೆಗೆ, ನೀಲಗುಂದದ ಕಡೆಗೆ, ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲ್ನಡಿಗೆ. ಹೀಗೆ ಮೂವತ್ತು ವರ್ಷ ಹಳ್ಳಿ ತಿರುಗಿ ಹೆಂಗಸರಿಗೆ ಯೇಸುವಿನ ಕಥೆ ಹೇಳಿದವರು. ಗಂಡಸು ಬೋಧಕರು ಊರ ಮುಂದೆ ನಿಂತು ಕೂಗಿ ಬರುತ್ತಿದ್ದರು. ಆ ಕೂಗು ಅಡುಗೆ ಒಲೆಯವರೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಚರ್ಚಿನ ಸಭೆಯವರು ಹೆಂಗಸರನ್ನು ಕಳಿಸುತ್ತಿದ್ದರು. ಸಭೆಯ ವರದಿಯಲ್ಲಿ ಅವರು ‘ಬೈಬಲ್ ಸ್ತ್ರೀ’. ಹಳ್ಳಿಗಳಲ್ಲಿ ‘ಕಥಿ ಅಮ್ಮ’.

ಕಥಿ ಅಮ್ಮ ಬರುತ್ತಿದ್ದುದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಗಂಡಸರು ಪೇಟೆಗೆ ಹೋಗಿರುತ್ತಾರೆ, ಹೆಂಗಸರು ಹೊಲ ಬಿಟ್ಟು ಮನೆಯಲ್ಲಿರುತ್ತಾರೆ. ಅಜ್ಜಿ ನಡು ಮಧ್ಯಾಹ್ನ ಹೋಗಿ ಕಟ್ಟೆಯ ಕೆಳಗೆ ನಿಂತು ಕೊಡೆಯ ತುದಿಯಿಂದ ಹೊಸ್ತಿಲ ಕಲ್ಲಿಗೆ ಮೂರು ಸಲ ಬಡಿಯುತ್ತಿದ್ದರು. ಚಿಲಕ ಮುಟ್ಟುತ್ತಿರಲಿಲ್ಲ. ನಾವು ಊರ ಹೊರಗಿನ ಕೇರಿಯಿಂದ ಸಭೆಗೆ ಸೇರಿದವರು. ಮುಟ್ಟಿದರೆ ಮನೆಯವರು ಚಿಲಕ ತೊಳೆಯಬೇಕಾಗುತ್ತಿತ್ತು. ಒಳಗಿನಿಂದ ಗೋಣಿತಟ್ಟು ಬರುತ್ತಿತ್ತು, ಬೇರೆ ಇಟ್ಟ ಲೋಟದಲ್ಲಿ ನೀರು ಬರುತ್ತಿತ್ತು. ಅಜ್ಜಿ ಕುಳಿತು ಕಥೆ ಶುರುಮಾಡಿ, ಅದು ಬಿಗಿಯಾದ ಕಡೆ ಎದ್ದು ಬಿಡುತ್ತಿದ್ದರು. “ಉಳಿದದ್ದು ಬರೋ ಸೋಮವಾರ.”

ನಾನು ಹೈಸ್ಕೂಲಿನಲ್ಲಿ ಮೊದಲ ಚರ್ಚಾಸ್ಪರ್ಧೆ ಗೆದ್ದ ವರ್ಷ ಇದರ ಮೇಲೆ ಅವರನ್ನು ಹಿಡಿದುಕೊಂಡಿದ್ದೆ.

“ಇದು ಮೋಸ ಅಜ್ಜಿ. ಅಂಗಡಿಯವರು ಹುಣಿಸೇಹಣ್ಣಿನ ರುಚಿ ತೋರಿಸಿ ಕಟ್ಟಿ ಕೊಡ್ತಾರಲ್ಲ, ಹಂಗೆ.”

“ಕರೀದ ಮನಿಗೆ ಹೋಗಬಾರದವ್ವ,” ಎಂದರು ಅಜ್ಜಿ. “ಮೊದಲ ವಾರ ನಾ ಹೋಗ್ತೀನಿ, ಖರೆ. ಎರಡನೇ ವಾರ ಅವರ ಕರೀಬೇಕು. ಅರ್ಧ ಬಿಟ್ಟು ಬಂದ್ರ ಕರೀತಾರ. ಪೂರಾ ಹೇಳಿದ್ರ ‘ಆತು ಹೋಗು’ ಅಂತಾರ.”

“ಅರ್ಧ ಕೇಳಿದೋರು ಮಧ್ಯದಾಗ ಸತ್ರೆ?”

ಗೆಲ್ಲುವ ಹುಮ್ಮಸ್ಸಿನಲ್ಲಿ ಬಂದ ಮಾತು. ಅಜ್ಜಿ ಮೊರದಲ್ಲಿದ್ದ ಅಕ್ಕಿಯನ್ನು ಮತ್ತೊಮ್ಮೆ ಕೇರತೊಡಗಿದರು. ನಾನು ಗೆದ್ದೆನೆಂದುಕೊಂಡೆ.

ನಾಲ್ಕು ವರ್ಷದ ಕೆಳಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಹೋಯಿತು, ಮಾತು ಪೂರ್ತಿ ಹೋಯಿತು. ಉಳಿದದ್ದು ಎಡಗೈ. ಆ ಕೈ ದಿನವೂ ಸುಮ್ಮನಿರುತ್ತಿತ್ತು. ಸೋಮವಾರ ನಡು ಮಧ್ಯಾಹ್ನ ಮಾತ್ರ ಮಂಚದ ಕಬ್ಬಿಣದ ಪಟ್ಟಿಗೆ ಬೆರಳಿನ ಗೆಣ್ಣಿನಿಂದ ಬಡಿಯುತ್ತಿತ್ತು. ಮೂರು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಅಮ್ಮ ನೀರಿಗೆಂದುಕೊಂಡು ನೀರು ಕುಡಿಸುತ್ತಿದ್ದಳು. ನಾನು ಕ್ಯಾಲೆಂಡರ್ ನೋಡಿ, ಅದು ಸೋಮವಾರವೇ ಎಂದು ಗುರುತಿಸಿ, ಅಭ್ಯಾಸಬಲ ಎಂದು ಹೇಳಿ ಮುಗಿಸಿದ್ದೆ. ಮಾತಿಲ್ಲದವರಿಗೆ ವಾರದ ಲೆಕ್ಕ ಯಾರು ಹೇಳಿಕೊಡುತ್ತಿದ್ದರು ಎಂದು ನಾನು ಕೇಳಿಕೊಂಡಿರಲಿಲ್ಲ.

ಈ ವರ್ಷ ಮೆಕ್ಕೆಜೋಳದ ಸುಗ್ಗಿಯ ಹೊತ್ತಿಗೆ ಪಾಸ್ಟರಮ್ಮ, ಅಂದರೆ ನಮ್ಮ ಪಾಸ್ಟರ್ ಅವರ ಹೆಂಡತಿ, ಮನೆಗೆ ಬಂದರು. ಸಭೆಯ ವಾರ್ಷಿಕೋತ್ಸವಕ್ಕೆ ಒಂದು ಪುಸ್ತಿಕೆ ಮಾಡಬೇಕಂತೆ, ಹಳೆಯ ಕಾಲದ ಬೈಬಲ್ ಸ್ತ್ರೀಯರ ಬಗ್ಗೆ ನಾನು ಬರೆದುಕೊಡಬೇಕಂತೆ.

“ನಾನು ಸಭೆಗೆ ಬರೋದು ಬಿಟ್ಟು ಮೂರು ವರ್ಷ ಆತು ಆಂಟಿ. ನಂಬೋರ ಹತ್ರ ಬರೆಸ್ರಿ.”

“ನಂಬೋರೆಲ್ಲ ಬರೆದುಕೊಟ್ಟಾರ. ಎಲ್ಲಾರ್ದೂ ‘ದೇವರ ಕೃಪೆಯಿಂದ’ ಅಂತ ಶುರು ಆಗಿ ‘ದೇವರ ಕೃಪೆಯಿಂದ’ ಅಂತ ಮುಗದೈತಿ. ನಡುವಿನ ಹೆಂಗಸು ಕಾಣವಲ್ಲಳು.”

ಆ ಮಾತಿಗೆ ಸೋತೆ. ನಮ್ಮ ಸಭೆಯ ದೇವಾಲಯದ ಗೋಡೆಯಲ್ಲಿ ಒಂದು ಕಲ್ಲಿದೆ. ಅದರ ಮೇಲೆ ಸೇವೆ ಮಾಡಿದವರ ಹೆಸರು, ಎಲ್ಲ ಗಂಡಸರದ್ದು. ಹಳೆಯ ವರದಿಗಳನ್ನು ತೆಗೆದು ನೋಡಿದರೆ ಬೋಧಕನಿಗೆ ಹೆಸರಿದೆ, ಅವನ ಕುದುರೆಗಾಡಿಯ ರಿಪೇರಿಗೂ ಒಂದು ಸಾಲಿದೆ, ಜತೆಗೆ ‘ಒಬ್ಬ ಬೈಬಲ್ ಸ್ತ್ರೀ’ ಎಂದಿದೆ. ನಂಬಿಕೆ ಇಲ್ಲದಿದ್ದರೂ ಅನ್ಯಾಯ ಕಾಣುತ್ತದಲ್ಲ. ಒಪ್ಪಿಕೊಂಡು ಅಜ್ಜಿಯ ಟ್ರಂಕು ತೆಗೆದೆ.

ಅದರಲ್ಲಿ ಅವರ ಸುತ್ತಾಟದ ನೋಟ್‌ಬುಕ್ ಇತ್ತು. ಒಂದೊಂದು ಭೇಟಿಗೆ ಒಂದೊಂದು ಸಾಲು: ಯಾವ ಊರು, ಯಾವ ಮನೆ, ಯಾವ ಕಥೆ, ಎಲ್ಲಿ ನಿಲ್ಲಿಸಿದ್ದು. ಮನೆಗಳಿಗೆ ಹೆಸರಿಲ್ಲ, ಗುರುತು ಮಾತ್ರ. ‘ಎರಡು ಬಾಗಿಲ ಮನೆ.’ ‘ಕುರಿಹಟ್ಟಿ ಪಕ್ಕದ್ದು.’ ಮುಂದಿನ ಸೋಮವಾರದ ಸಾಲಿನ ಕೊನೆಗೆ ‘ಮುಗಿಯಿತು’ ಎಂದು ಬರೆದಿರುತ್ತಿದ್ದರು. ಪುಟದ ನಂತರ ಪುಟ: ನಿಂತದ್ದು, ಮುಗಿಯಿತು. ನಿಂತದ್ದು, ಮುಗಿಯಿತು. ಚಪ್ಪಾಳೆಯ ಹಾಗೆ ಜೋಡಿ ಜೋಡಿ. ಒಂದು ಸಾಲಿಗೆ ಮಾತ್ರ ಜೋಡಿ ಇರಲಿಲ್ಲ.

‘ಬೇವಿನ ಮರದ ಮನೆ. ನಿಂತದ್ದು: ಹುಡುಗಿ ಸತ್ತಳು.’

ಮುಂದಿನ ಸೋಮವಾರ ಪೆನ್ಸಿಲಿನಲ್ಲಿ ಇಷ್ಟೇ ಇತ್ತು: ‘ಬೇವಿನ ಮರದವರೆಗೆ ಹೋದೆ. ವಾಪಸ್.’

ಆಮೇಲೆ ಆ ಊರಿನ ಬೇರೆ ಮನೆಗಳಿವೆ, ಆ ಮನೆ ಇಲ್ಲ. ನೋಟ್‌ಬುಕ್ಕನ್ನು ಅಜ್ಜಿಯ ಮುಖದ ಮುಂದೆ ಹಿಡಿದು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ, “ಇದ್ಯಾಕೆ ಮುಗೀಲಿಲ್ಲ?” ಅವರು ಕಣ್ಣು ಮುಚ್ಚಿಕೊಂಡರು. ಅಂದು ಗುರುವಾರ. ಎಡಗೈ ಪಟ್ಟಿಗೆ ಮೂರು ಸಲ ಬಡಿಯಿತು.

ಮುಂದಿನ ಸೋಮವಾರ ಅರಸೀಕೆರೆ ಬಸ್ಸು ಹತ್ತಿದೆ. ಆ ಊರಿನ ಹಾದಿಗೆ ಇಳಿದಾಗ ಹನ್ನೆರಡು ಹೊಡೆದಿತ್ತು. ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಕಾಯುವವರು ಯಾರೂ ಇರಲಿಲ್ಲ. ಬೆಳಕು ಎಷ್ಟಿತ್ತೆಂದರೆ ನನ್ನ ನೆರಳು ಕಾಲಿನಡಿ ಮುದುಡಿಕೊಂಡಿತ್ತು. ನಾಯಿ ಕೂಡ ಬೊಗಳದ ಹೊತ್ತು. ಇಂಥ ಹೊತ್ತಿನಲ್ಲಿ ಒಬ್ಬರೇ ಓಡಾಡಬಾರದೆಂದು ನಮ್ಮ ಕಡೆ ಮಕ್ಕಳನ್ನು ಹೆದರಿಸುತ್ತಾರೆ. ಬಿಸಿಲು ಬಡಿಯಬಾರದೆಂದು ಹುಟ್ಟಿದ ಮಾತು ಎಂದು ನನಗೆ ನಾನೇ ವಿವರಿಸಿಕೊಳ್ಳುತ್ತ ನಡೆದೆ. ಕೇಳುವವರಿಲ್ಲದೆ ವಿವರಿಸಿದ್ದು ಅದೇ ಮೊದಲು.

ಬೇವಿನ ಮರ ಇನ್ನೂ ಇತ್ತು. ಮನೆಗೆ ಹೊಸ ಬಣ್ಣ, ಹಳೆಯ ಕಟ್ಟೆ. ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ, ಒಂದು ಗೋಣಿತಟ್ಟು ಹಾಸಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಬಾಗಿಲಲ್ಲಿ ಸುಮಾರು ಐವತ್ತರ ಒಬ್ಬ ಹೆಂಗಸು ತೆನೆಯಿಂದ ಕಾಳು ಬಿಡಿಸುತ್ತಿದ್ದಳು. ಆ ಮನೆಯ ಸೊಸೆ. ನನ್ನ ಚೀಲ ನೋಡಿ ಕೇಳಿದಳು, “ಗಣತಿಯವರೇನ್ರಿ? ಹೋದ ವಾರ ಒಬ್ರು ಬಂದು ಮನ್ಯಾಗ ಟಿವಿ ಎಷ್ಟು, ಕಕ್ಕಸ ಎಷ್ಟು ಅಂತ ಬರಕೊಂಡು ಹೋದ್ರು. ಮಂದಿ ಎಷ್ಟು ಅಂತ ಕೇಳಲೇ ಇಲ್ಲ.”

“ಅಲ್ಲಕ್ಕ. ಮೊದಲು ಇಲ್ಲಿಗೆ ಹರಪನಹಳ್ಳಿಯಿಂದ ಒಬ್ರು ಕಥೆ ಹೇಳಾಕ ಬರ್ತಿದ್ರು. ನಾನು ಅವರ ಮೊಮ್ಮಗಳು.”

ಅವಳ ಕೈಯ ತೆನೆ ಹಾಗೇ ನಿಂತಿತು. ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಪಕ್ಕದ ಗೋಣಿತಟ್ಟಿನ ಮೇಲಿತ್ತು.

“ಅತ್ತೀ,” ಎಂದು ಒಳಕ್ಕೆ ಕೂಗಿದಳು. “ಕಥಿ ಅಮ್ಮನ ಮೊಮ್ಮಗಳಂತ.”

“ಗೊತ್ತೈತಿ,” ಎಂದಿತು ಒಳಗಿನ ಧ್ವನಿ. “ಆಕಿ ಆಗಲೇ ಬಂದು ಕುಂತಾಳ.”

ಸೊಸೆ ದಾರಿ ಬಿಟ್ಟಳು, ಒಳಗೆ ಹೋದೆ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯಾಕೆಗೆ ಎಂಬತ್ತು ದಾಟಿರಬೇಕು. ಹಣೆ ತುಂಬ ವಿಭೂತಿ. ಕಣ್ಣಲ್ಲಿ ಪೊರೆ ಬಂದಿತ್ತು, ಮಾತು ಮಾತ್ರ ಚೂಪು. ನಾನು ನಮಸ್ಕರಿಸಿ, ಎದುರು ಕುಳಿತು ಕೇಳಿದೆ, “ಯಾರು ಬಂದಾರ ಯಮ್ಮಾ?”

“ನಿನ್ನ ಅಜ್ಜಿ. ಸೋಮವಾರ ಸೋಮವಾರ ಬರ್ತಾಳ. ಮೂರು ಸಲ ಬಡೀತಾಳ. ‘ಒಳಗ ಬಾ’ ಅಂದ್ರ ಬರಂಗಿಲ್ಲ.”

“ನನ್ನ ಅಜ್ಜಿ ನಾಲ್ಕು ವರ್ಷದಿಂದ ಮಂಚ ಬಿಟ್ಟು ಎದ್ದಿಲ್ಲ. ಈಗಲೂ ಹರಪನಹಳ್ಳ್ಯಾಗ ಮಲಗ್ಯಾರ.”

“ಮಲಗಿದೋರು ಬರಬಾರದಂತ ಎಲ್ಲಿ ಐತಿ?”

ಸೊಸೆ ನಡುವೆ ಬಾಯಿ ಹಾಕಿದಳು. “ಮೊದಲು ಇರಲಿಲ್ರಿ ಇದು. ಗೋಣಿತಟ್ಟು ಹಾಸೋದು ನಾ ಈ ಮನಿಗೆ ಬಂದಾಗಿಂದ ನೋಡೀನಿ. ಬಡಿಯೋ ಸಪ್ಪಳ ಮಾತ್ರ ಈಗ ನಾಲ್ಕು ವರ್ಷದಿಂದ.”

ನಾಲ್ಕು ವರ್ಷ. ಕಾಕತಾಳೀಯ, ಎಂದುಕೊಂಡೆ. ಕಾಕತಾಳೀಯ ಎನ್ನುವುದು ವಾದವಲ್ಲ, ವಾದ ಮುಗಿಸುವ ಆತುರ; ಅಷ್ಟು ನನಗೂ ಗೊತ್ತು.

ಆಗ ಸಪ್ಪಳವಾಯಿತು. ಟಕ್, ಟಕ್, ಟಕ್. ಕಲ್ಲಿನ ಮೇಲೆ ಕಬ್ಬಿಣ.

ನಾನು ಎದ್ದು ಹೊರಗೆ ನೋಡಿದೆ, ಖಾಲಿ ತಟ್ಟು. ಮನೆ ಸುತ್ತಿ ಹಿತ್ತಲಿಗೆ ಹೋದೆ. ನೀರಿನ ಡ್ರಮ್ಮಿನ ತಗಡಿನ ಮುಚ್ಚಳ ಸಡಿಲವಾಗಿತ್ತು. ಗಾಳಿಗೆ ಏಳುತ್ತ ಬೀಳುತ್ತ ಇರಬಹುದು. ಇರಬಹುದು ಏನು, ಇದೇ! ಅದರ ಮೇಲೊಂದು ಕಲ್ಲು ಹೇರಿ, ಗೆದ್ದವಳ ನಡಿಗೆಯಲ್ಲಿ ಒಳಗೆ ಬಂದು ಹೇಳಿದೆ, “ಮುಚ್ಚಳ ಅಕ್ಕ, ಡ್ರಮ್ಮಿಂದು.”

“ಇವತ್ತು ಗಾಳಿ ಎಲ್ಲೈತಿ ತಂಗಿ?” ಎಂದಳು ಸೊಸೆ. ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಟಕ್, ಟಕ್, ಟಕ್.

ಕುಳಿತೆ. ಬೇರೆ ಕಾರಣ ಹುಡುಕಬಹುದಿತ್ತು, ಹುಡುಕಲಿಲ್ಲ.

“ಆಕಿ ನಿನಗ ಹೇಳಿ ಕಳಿಸ್ಯಾಳೇನು?” ಎಂದು ಕೇಳಿದರು ಹಿರಿಯಾಕೆ. “ಉಳಿದದ್ದನ್ನ?”

ಆಮೇಲೆ ಅವರೇ ಹೇಳಿದರು. ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಅವರಿಗೊಬ್ಬ ಮಗಳಿದ್ದಳು, ಹನ್ನೆರಡು ತುಂಬಿತ್ತು. ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ಆ ಸೋಮವಾರ ಕಥಿ ಅಮ್ಮ ಬಂದಾಗ, ಒಳಗಿರುವ ಮಗುವಿಗೂ ಕೇಳಲಿ ಎಂದು ಬಾಗಿಲು ತೆರೆದೇ ಇಟ್ಟಿದ್ದರು. ಅಜ್ಜಿ ಹೇಳಿದ್ದು ಜ್ವರದ ಹುಡುಗಿಯ ಕಥೆಯನ್ನೇ. ಒಬ್ಬ ದೊಡ್ಡ ಮನುಷ್ಯನ ಮಗಳು, ಆಕೆಗೂ ಹನ್ನೆರಡು, ಸಾಯುವ ಹಾಗಿದ್ದಾಳೆ. ಅಪ್ಪ ಓಡಿ ಬಂದು ಯೇಸುಸ್ವಾಮಿಯ ಕಾಲಿಗೆ ಬಿದ್ದ. ಸ್ವಾಮಿ ಹೊರಟ. ಹಾದಿಯಲ್ಲಿ ಹನ್ನೆರಡು ವರ್ಷದಿಂದ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಅವನ ಬಟ್ಟೆಯ ಅಂಚು ಮುಟ್ಟಿದಳು. ಅವನು ನಿಂತ. ತಡವಾಯಿತು. ಅಷ್ಟರಲ್ಲಿ ಮನೆಯಿಂದ ಆಳುಗಳು ಬಂದು ಹೇಳಿದರು: ಹುಡುಗಿ ಸತ್ತಳು.

ಉಳಿದದ್ದು ಬರೋ ಸೋಮವಾರ.

“ಗುರುವಾರ ನನ್ನ ಮಗಳು ಕೇಳಿದ್ಲು,” ಎಂದರು ಹಿರಿಯಾಕೆ. “‘ಯವ್ವಾ, ಆ ಹುಡುಗಿ ಏನಾದ್ಲು?’ ಅಂತ. ‘ಸೋಮವಾರ ಬರ್ತಾಳ, ಹೇಳ್ತಾಳ, ಮಲಗು’ ಅಂದೆ. ಶುಕ್ರವಾರ ನಸುಕಿನ್ಯಾಗ ಹೋದ್ಲು. ಸೋಮವಾರ ನಾ ತಟ್ಟು ಹಾಸಿದೆ. ಆಕಿ ಬರಲಿಲ್ಲ.”

ಬೇವಿನ ಮರದವರೆಗೆ ಹೋದೆ, ವಾಪಸ್. ಪೆನ್ಸಿಲಿನ ಆ ಅಕ್ಷರ ಕಣ್ಣ ಮುಂದೆ ಬಂತು. ಮರದ ಕೆಳಗೆ ಯಾರೋ ಸುದ್ದಿ ಹೇಳಿರಬೇಕು. ಸತ್ತ ಮಗಳ ತಾಯಿಯ ಮುಂದೆ ಕುಳಿತು ಕಥೆಯ ಉಳಿದ ಅರ್ಧ ಹೇಳುವ ಬಾಯಿ ಅಜ್ಜಿಗೆ ಬಂದಿರಲಿಲ್ಲ.

“ಬೇರೆ ಯಾರನ್ನಾದ್ರೂ ಕೇಳಬಹುದಿತ್ತಲ್ಲ ಯಮ್ಮಾ? ಎಲ್ಲಾರಿಗೂ ಗೊತ್ತಿರೋ ಕಥೆ.”

“ಕೇಳಿ? ಎದ್ಲು ಅಂದ್ರ, ನಂದ್ಯಾಕ ಏಳಲಿಲ್ಲ ಅಂತ ಯಾರನ್ನ ಕೇಳ್ಲಿ? ಇಲ್ಲ ಅಂದ್ರ, ಜ್ವರ ಬಂದ ಕೂಸಿಗೆ ಅಂಥಾ ಕಥಿ ಯಾಕ ಹೇಳಿದ್ಲು ಅಂತ ಯಾರನ್ನ ಬೈಲಿ? ಆಕಿ ಬಿಟ್ಟು ಹೋದದ್ದು. ಆಕೀನೇ ಮುಗಸಬೇಕು.” ಒಳಕೋಣೆಯ ಕಡೆ ತಿರುಗಿ ಅಂದರು, “ನನಗ ಬ್ಯಾಡ. ಕೇಳಿದ್ದು ನನ್ನ ಮಗಳು. ಈಗ ನಾನೂ ಅಲ್ಲಿಗೆ ಹೋಗೋ ಹೊತ್ತು. ಆಕಿ ಮತ್ತ ಕೇಳ್ತಾಳ. ನಾ ಏನ್ ಹೇಳ್ಲಿ?”

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬಿಕೆಗೆ ಅಲ್ಲಿ ಕೆಲಸವಿಲ್ಲ. ನಾಲ್ಕು ನಿಮಿಷಕ್ಕೆ ಗಂಟೆ. ನಾನು ದಾವಣಗೆರೆಯಲ್ಲಿ ದೇವರಿದ್ದಾನೆಂದು ವಾದಿಸಿ ಒಂದು ಕಪ್, ಇಲ್ಲವೆಂದು ವಾದಿಸಿ ಎರಡು ಕಪ್ ಗೆದ್ದವಳು. ಆ ಪಡಸಾಲೆಯಲ್ಲಿ ಚೀಟಿ ಇರಲಿಲ್ಲ, ಗಂಟೆಯೂ ಇರಲಿಲ್ಲ.

“ಕಥೆಯಲ್ಲಿ ಆ ಹುಡುಗಿ ಎದ್ದಳು,” ಎಂದೆ.

“ನೀ ನಂಬ್ತಿಯೇನು?”

“ಇಲ್ಲ ಯಮ್ಮಾ.”

“ಮತ್ತ ಯಾಕ ಹೇಳ್ತಿ?”

“ನಿಮ್ಮದು ಅರ್ಧ ಉಳಿದೈತಿ. ಅದನ್ನ ಉಳಿಸಿದೋರು ನಮ್ಮ ಮನ್ಯೋರು.”

ಹಿರಿಯಾಕೆ ಪೊರೆಗಣ್ಣಿನಿಂದ ನನ್ನನ್ನು ಅಳೆದರು. “ಹಂಗ ಒಂದ ಮಾತಿನ್ಯಾಗ ಅಲ್ಲ. ನಿನ್ನ ಅಜ್ಜಿ ಹೇಳ್ದಂಗ ಹೇಳು. ಅಲ್ಲೆ, ಆ ಕಡೆ ಮುಖ ಮಾಡಿ.” ಒಳಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕತ್ತಲು, ಜೋಳದ ಚೀಲಗಳು, ಗೋಡೆಗೆ ಎತ್ತಿ ನಿಲ್ಲಿಸಿದ ಒಂದು ಸಣ್ಣ ಮಂಚ.

ನಾನು ಜೋಳದ ಚೀಲಗಳ ಕಡೆ ಮುಖ ಮಾಡಿ ಕಥೆ ಹೇಳಿದೆ. ಮೊದಲ ಸಾಲಿಗೆ ನಾಚಿಕೆಯಾಯಿತು, ಎರಡನೆಯದಕ್ಕೆ ಹೆದರಿಕೆಯಾಯಿತು: ಧ್ವನಿ ನನ್ನದಾಗಿ ಕೇಳಲಿಲ್ಲ. “ಆಳುಗಳು ಬಂದು ಹೇಳಿದ್ರು, ಹುಡುಗಿ ಸತ್ತಳು, ಇನ್ನ ಬರೋದು ಬ್ಯಾಡ ಅಂತ. ಸ್ವಾಮಿ ಆ ಅಪ್ಪನ ಮುಖ ನೋಡಿ, ಹೆದರಬ್ಯಾಡ, ನಡಿ ಅಂದ. ಮನಿ ಮುಂದ ಅಳೋರು ಎದಿ ಬಡಕೊಂಡು ಅಳತಿದ್ರು. ಯಾಕ ಗದ್ದಲ ಮಾಡ್ತೀರಿ, ಕೂಸು ಮಲಗೈತಿ ಅಂದ ಸ್ವಾಮಿ. ಅವರು ನಕ್ಕುಬಿಟ್ರು.”

ಅಲ್ಲಿ ತಡವರಿಸಿದೆ. ಆ ಕಥೆಯಲ್ಲಿ ನನ್ನಂಥವರು ಬರುವುದು ಅಲ್ಲೇ. ಅಳುತ್ತಿದ್ದವರು ಥಟ್ಟನೆ ನಕ್ಕರಂತೆ. ಸತ್ತದ್ದು ಗೊತ್ತಿದ್ದವರು, ಪುರಾವೆ ಕಂಡವರು. ಅವರು ಹೇಳಿದ್ದು ತಪ್ಪಲ್ಲ. ಸ್ವಾಮಿ ಮೊದಲು ಮಾಡಿದ ಕೆಲಸವೆಂದರೆ ಅವರನ್ನೆಲ್ಲ ಹೊರಗೆ ಕಳಿಸಿದ್ದು. ನಾನು ಮಾತ್ರ ಒಳಗೆ ಕುಳಿತಿದ್ದೆ.

“ನಕ್ಕೋರನ್ನ ಹೊರಗ ಕಳಿಸಿದ. ಅವ್ವನ್ನ ಅಪ್ಪನ್ನ ಕರಕೊಂಡು ಒಳಗ ಹೋದ. ಹುಡುಗಿ ಕೈ ಹಿಡಿದ. ಕೂಸೇ, ಎದ್ದೇಳು ಅಂದ.”

ಕೋಣೆಯಲ್ಲಿ ಏನೂ ಆಗಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಒಂದು ಚೀಲದ ಬಾಯಿಂದ ನಾಲ್ಕು ಕಾಳು ಜಾರಿ ನೆಲಕ್ಕೆ ಬಿದ್ದವು, ಅಷ್ಟೇ. ತುಂಬಿದ ಚೀಲದಿಂದ ಕಾಳು ಜಾರುತ್ತದೆ.

“ಎದ್ಲು?” ಎಂದರು ಹಿರಿಯಾಕೆ.

“ಎದ್ದು ಓಡಾಡಿದ್ಲು. ಆಮೇಲೆ ಸ್ವಾಮಿ ಒಂದ ಮಾತು ಹೇಳಿದ. ಆಕೀಗ ತಿನ್ನಾಕ ಏನಾರ ಕೊಡ್ರಿ ಅಂತ.”

“ನಂದೂ ಮೂರು ದಿನ ಏನೂ ತಿಂದಿದ್ದಿಲ್ಲ,” ಎಂದರು ಹಿರಿಯಾಕೆ. ಆಮೇಲೆ, ಯಾರನ್ನೂ ದೂರದೆ, “ನಂದು ಏಳಲಿಲ್ಲ.”

“ಇಲ್ಲ ಯಮ್ಮಾ.”

“ಆಕಿ ಅದಕ್ಕ ಬಂದಿಲ್ಲ.”

“ಹೌದು.”

“ಹುಚ್ಚಿ. ಬಂದು ಅತ್ತಿದ್ರ ಸಾಕಾಗಿತ್ತು. ಕಥಿ ಯಾರಿಗೆ ಬೇಕಾಗಿತ್ತು ಆವತ್ತು?”

ಸೊಸೆ ನನಗೆ ನೀರು ಕೊಡಲು ಗೋಡೆಯ ಗೂಡಿಗೆ ಕೈ ಹಾಕಿದಳು. ಅಲ್ಲಿ ಬೇರೆ ಇಟ್ಟ ಒಂದು ಹಳೆಯ ಹಿತ್ತಾಳೆ ಲೋಟ ಇತ್ತು. “ಅದು ಬ್ಯಾಡ,” ಎಂದರು ಹಿರಿಯಾಕೆ. “ಅಡಗಿಮನಿಯಾಗಿಂದು ತಾ.” ಸೊಸೆ ಲೋಟವನ್ನು ಬಗ್ಗಿಸಿ ನೋಡಿ, “ಮುಂಜಾನೆ ತುಂಬಿಸಿ ಇಟ್ಟಿದ್ದೆ,” ಎಂದಳು ಮೆಲ್ಲಗೆ. ಲೋಟ ಖಾಲಿಯಿತ್ತು. ಬಿಸಿಲಿಗೆ ನೀರು ಆರುತ್ತದೆ. ಗೂಡಿಗೆ ಬಿಸಿಲು ಬೀಳುತ್ತಿರಲಿಲ್ಲ.

ನಾನು ಚಪ್ಪಲಿ ಮೆಟ್ಟುವಾಗ ಹಿರಿಯಾಕೆ ಕೇಳಿದರು, “ಆ ಹಾದ್ಯಾಗಿನ ಹೆಂಗಸು? ಅಂಚು ಮುಟ್ಟಿದಾಕಿ? ತನ್ನಿಂದ ತಡ ಆಗಿ ಕೂಸು ಸತ್ತಿತ್ತು ಅಂತ ಆಕೀಗ ಯಾರಾರ ಹೇಳಿದ್ರಾ?”

“ಅದನ್ನ ಬರೋ ಸೋಮವಾರ ಹೇಳ್ತೀನಿ.”

ಬಸ್ಸು ಹತ್ತಿ ಕುಳಿತ ಮೇಲೆ ನಾನು ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಪ್ರಶ್ನೆಗೆ ಉತ್ತರ ಎಲ್ಲಿಯೂ ಬರೆದಿಲ್ಲ; ‘ಗೊತ್ತಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಎಂಬತ್ತು ದಾಟಿದ ಜೀವದ ಮುಂದೆ ಮತ್ತೊಂದು ಅರ್ಧ ಬಿಟ್ಟು ಬಂದಿದ್ದೆ. ಯಾವುದನ್ನು ಮೋಸ ಎಂದು ಅಜ್ಜಿಗೆ ಹೇಳಿದ್ದೆನೋ ಅದನ್ನೇ, ಯೋಚಿಸದೆ, ಅವರದೇ ಮಾತಿನಲ್ಲಿ.

ಮನೆಯಲ್ಲಿ ಅಮ್ಮ ಹೇಳಿದಳು, “ಇವತ್ತು ಬಹಳ ಬಡದ್ರು. ಆಮೇಲೆ ತಾವಾಗೇ ನಿಲ್ಲಿಸಿ, ಬಾಯಿ ತೆಗೆದು ಊಟಕ್ಕೆ ಸನ್ನೆ ಮಾಡಿದ್ರು. ಎರಡು ಸಲ ಅನ್ನ ತಿಂದ್ರು.” ಎಷ್ಟು ಗಂಟೆಗೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಗೋಡೆಯ ಮೊಳೆಗೆ ಅಜ್ಜಿಯ ಕೊಡೆ ತೂಗುತ್ತಿತ್ತು, ನಾಲ್ಕು ವರ್ಷದಿಂದ ಯಾರೂ ಮುಟ್ಟದ್ದು. ಅದರ ತುದಿಗೆ ಮೆಕ್ಕೆಜೋಳದ ಹೊಟ್ಟು ಅಂಟಿತ್ತು. ಸುಗ್ಗಿಯಲ್ಲಿ ನಮ್ಮೂರಿನ ಗಾಳಿಯೆಲ್ಲ ಆ ಹೊಟ್ಟೇ.

ಅಜ್ಜಿಯ ಕಿವಿಯ ಹತ್ತಿರ ಕುಳಿತು ಎಲ್ಲ ಹೇಳಿದೆ. ‘ಬಂದು ಅತ್ತಿದ್ರ ಸಾಕಾಗಿತ್ತು’ ಎಂದದ್ದನ್ನೂ ಹೇಳಿದೆ. ನೋಟ್‌ಬುಕ್ ತೆಗೆದು ಆ ಸಾಲಿನ ಮುಂದೆ ‘ಮುಗಿಯಿತು’ ಎಂದು ಬರೆಯಲು ಹೋದೆ. ಎಡಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಿಡಲಿಲ್ಲ. ಪೆನ್ಸಿಲ್ ಕೆಳಗಿಟ್ಟೆ.

ಮುಂದಿನ ಸೋಮವಾರ ಕೊಡೆ ತೆಗೆದುಕೊಂಡು ಹೋದೆ, ಬಿಸಿಲಿಗೆ. ಬೇವಿನ ಮರ ದಾಟಿದೆ. ಕಟ್ಟೆಯ ಕೆಳಗೆ ಗೋಣಿತಟ್ಟು ಇರಲಿಲ್ಲ. ಬಾಗಿಲು ಮುಂದೆ ಮಾಡಿತ್ತು. ಈ ಸಲ ನಾನೇ ತಡವಾದೆನೇ? ಕಲ್ಲಿಗೆ ಬಡಿಯಬಾರದು ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಲಕಕ್ಕೆ ಕೈ ಚಾಚಿದೆ.

ನಾನು ಮುಟ್ಟುವ ಮೊದಲೇ, ಹೊಸ್ತಿಲ ಕಲ್ಲಿನ ಮೇಲೆ, ಟಕ್, ಟಕ್, ಟಕ್.

“ಬಾಗಿಲು ತೆಗದೈತಿ,” ಎಂದಿತು ಒಳಗಿನಿಂದ ಹಿರಿಯಾಕೆಯ ಧ್ವನಿ. “ತಟ್ಟು ಒಳಗ ಹಾಸೀನಿ. ಇಬ್ರೂ ಬರ್ರಿ.”

ಹಿಂದೆ ತಿರುಗಿ ನೋಡಿದ್ದರೆ ವಾದ ಒಂದು ಕಡೆಗೆ ತೀರಿಹೋಗುತ್ತಿತ್ತು. ನೋಡಲಿಲ್ಲ. ಬಾಗಿಲನ್ನು ನನಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತೆರೆದು, ಒಳಗೆ ಹೋದೆ.